ಫೋರ್ ವೀಲ್ ರಿಪೇರಿಯ ಬಿಲ್ಲಿನಲ್ಲಿ ಅಳತೆಗಳೂ ಇರಲಿ

ಮಾನ್ಯ ಸಂಪಾದಕರೇ,

ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಹೋಬಳಿಯಲ್ಲಿ ಕಾಫಿ, ಕಾಳುಮೆಣಸು ಬೆಳೆಯುವ ನಮ್ಮಂಥವರಿಗೆ ಪಿಕಪ್ ಗಾಡಿಯ ಫೋರ್ ವೀಲ್ ಡ್ರೈವ್ ಷೋಕಿಯ ವಸ್ತುವಲ್ಲ. ಡಾಂಬರು ರಸ್ತೆಯಿಂದ ನಮ್ಮ ಕಣದವರೆಗಿನ ಒಂದೂವರೆ ಕಿಲೋಮೀಟರ್ ಏರುದಾರಿಯನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಹಿಂದಿನ ಎರಡು ಚಕ್ರಗಳ ಬಲದಿಂದಲೇ ಹತ್ತಲು ಆಗುವುದಿಲ್ಲ. ಗೊಬ್ಬರದ ಮೂಟೆ ಮೇಲೆ ಬರುವುದಿರಲಿ, ಕಾರ್ಮಿಕರ ಲೈನ್ ಮನೆಯ ತುಂಬು ಬಸುರಿಯನ್ನು ನಡುರಾತ್ರಿ ಆಸ್ಪತ್ರೆಗೆ ಕರೆದೊಯ್ದು ಮನೆಗೆ ಮರಳುವುದಿರಲಿ, ಮುಂದಿನ ಚಕ್ರಗಳಿಗೆ ಬಲ ಸಿಕ್ಕರೆ ಮಾತ್ರ ಆಗುವ ಕೆಲಸ. ಅಂಥ ಗಾಡಿಯಲ್ಲಿ ಆ ಬಲವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಫೋರ್ ವೀಲ್ ಕಂಟ್ರೋಲ್ ಮಾಡ್ಯೂಲನ್ನು ಈ ಮಳೆಗಾಲದಲ್ಲಿ ಹೊಸದಾಗಿ ಹಾಕಿಸಿದೆ. ಹಾಕಿಸಿದ ಮೇಲೂ ದೋಷ ಮರಳಿ ಬಂತು. ಎರಡು ತಿಂಗಳು ಅಲೆದ ಬಳಿಕ, ಕೆಟ್ಟಿದ್ದು ಮಾಡ್ಯೂಲೇ ಅಲ್ಲವೆಂದು ತಿಳಿಯಿತು. ನನ್ನ ಪರಿಚಯದ ಬೆಳೆಗಾರರಲ್ಲಿ ಇನ್ನೂ ಇಬ್ಬರು ಇದೇ ದಾರಿಯಲ್ಲಿ ನಡೆದು ಬಂದಿದ್ದಾರಾದ್ದರಿಂದ, ಈ ರಿಪೇರಿಯ ಒಳಹೊರಗನ್ನು ಸ್ವಲ್ಪ ವಿವರವಾಗಿಯೇ ಬರೆಯಲು ತಮ್ಮ ಪತ್ರಿಕೆಯ ಅಂಕಣದಲ್ಲಿ ಅವಕಾಶ ಕೋರುತ್ತೇನೆ.

ನಮ್ಮ ತಂದೆಯವರ ಕಾಲದ ಜೀಪಿನಲ್ಲಿ ಗೇರಿನ ಪಕ್ಕ ಇನ್ನೆರಡು ಚಿಕ್ಕ ಲಿವರುಗಳಿದ್ದವು. ಒಂದನ್ನು ಎಳೆದರೆ ಮುಂದಿನ ಆಕ್ಸಲ್‌ಗೆ ಬಲ ಹೋಗುತ್ತಿತ್ತು, ಇನ್ನೊಂದನ್ನು ಎಳೆದರೆ ‘ಲೋ’, ಅಂದರೆ ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರು, ಬೀಳುತ್ತಿತ್ತು. ಕೈಗೂ ಗೇರಿಗೂ ನಡುವೆ ಕಬ್ಬಿಣದ ಸರಳು ಬಿಟ್ಟರೆ ಬೇರೇನೂ ಇರಲಿಲ್ಲ. ಬೀಳದಿದ್ದರೆ ಬೀಳಲಿಲ್ಲವೆಂದು ಅಂಗೈಗೇ ಗೊತ್ತಾಗುತ್ತಿತ್ತು. ಈಗಿನ ಪಿಕಪ್‌ನಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಒಂದು ನಾಬ್ ಇದೆ. ಅದನ್ನು ತಿರುಗಿಸಿದರೆ ಗೇರು ಬೀಳುವುದಿಲ್ಲ, ಬೀಳಲಿ ಎಂಬ ಕೋರಿಕೆಯಷ್ಟೇ ಮಾಡ್ಯೂಲಿಗೆ ಹೋಗುತ್ತದೆ. ಗ್ಯಾರೇಜಿನವರು ‘ಬಾಕ್ಸ್’ ಎನ್ನುವ ಆ ಮಾಡ್ಯೂಲ್ ಗಾಡಿಯ ವೇಗ ನೋಡುತ್ತದೆ. ‘ಲೋ’ ಕೇಳಿದ್ದರೆ ಗಾಡಿ ನಿಂತಿದೆಯೇ, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡುತ್ತದೆ. ಎಲ್ಲವೂ ಸರಿಯೆನಿಸಿದರೆ, ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಅಂಟಿಕೊಂಡಿರುವ ಚಿಕ್ಕ ಶಿಫ್ಟ್ ಮೋಟಾರಿಗೆ ಕರೆಂಟು ಕೊಡುತ್ತದೆ. ಮೋಟಾರು ಎಷ್ಟು ತಿರುಗಿತು, ಎಲ್ಲಿ ನಿಂತಿತು ಎಂಬುದನ್ನು ಅದರೊಳಗಿನ ಸೆನ್ಸರ್ ಮಾಡ್ಯೂಲಿಗೆ ತಿಳಿಸುತ್ತದೆ. ನಿಗದಿತ ಸಮಯದೊಳಗೆ ಆ ವರದಿ ಬಂದರೆ ದೀಪ ಸ್ಥಿರವಾಗಿ ಉರಿಯುತ್ತದೆ, ಬಾರದಿದ್ದರೆ ಮಿಣುಕುತ್ತಲೇ ಇರುತ್ತದೆ, ಬಾಕ್ಸಿನ ನೆನಪಿನಲ್ಲಿ ಒಂದು ಕೋಡ್ ಬರೆದುಕೊಳ್ಳುತ್ತದೆ.

ಜೂನ್ ಎರಡನೆಯ ವಾರದ ಒಂದು ಸಂಜೆ, ಗೊಬ್ಬರ ತುಂಬಿದ ಗಾಡಿಯನ್ನು ಏರಿನ ಬುಡದಲ್ಲಿ ನಿಲ್ಲಿಸಿ ನಾಬ್ ತಿರುಗಿಸಿದಾಗ ದೀಪ ಮಿಣುಕತೊಡಗಿದ್ದು ನಿಲ್ಲಲೇ ಇಲ್ಲ. ಮೂಟೆಗಳನ್ನು ಅಲ್ಲೇ ಇಳಿಸಿ ತಾಡಪಾಲು ಹೊದಿಸಿ ಮನೆ ಸೇರಿದೆವು. ಮರುದಿನ ನಮ್ಮ ಭಾಗದ ಒಂದು ಅಧಿಕೃತ ಸರ್ವಿಸ್ ಸೆಂಟರಿಗೆ ಗಾಡಿ ಒಯ್ದೆ. ಅಲ್ಲಿ ಸ್ಕ್ಯಾನರ್ ಹಾಕಿ ಹತ್ತು ನಿಮಿಷದಲ್ಲೇ ಮಾಡ್ಯೂಲ್ ಹೋಗಿದೆ ಎಂದರು. ಹೊಸತು ತರಿಸಲು ಒಂಬತ್ತು ದಿನ ಹಿಡಿಯಿತು. ಕೂಲಿ, ತೆರಿಗೆ ಸೇರಿ 38,600 ರೂಪಾಯಿಯ ಬಿಲ್ಲಾಯಿತು. ಬಿಚ್ಚಿದ ಹಳೆಯ ಬಾಕ್ಸನ್ನು ಕೇಳಿ ಪಡೆದುಕೊಂಡೆ. (ಬಿಚ್ಚಿದ ಯಾವ ಭಾಗವನ್ನೂ ಗ್ಯಾರೇಜಿನಲ್ಲಿ ಬಿಟ್ಟು ಬರಬಾರದೆಂಬುದು ನಮ್ಮ ತಂದೆಯವರ ಕಟ್ಟಪ್ಪಣೆ, ಅವರು ಜೋಪಾನ ಮಾಡಿದ ಸವೆದ ಬೇರಿಂಗುಗಳ ಪೆಟ್ಟಿಗೆಯೊಂದು ಇಂದಿಗೂ ನಮ್ಮ ಗೋದಾಮಿನಲ್ಲಿದೆ.) ಹೊಸ ಬಾಕ್ಸು ಹನ್ನೊಂದು ದಿನ ಚೆನ್ನಾಗಿ ನಡೆಯಿತು. ಹನ್ನೆರಡನೆಯ ದಿನ ಅದೇ ಏರು, ಅದೇ ಮಿಣುಕು.

ಎರಡನೆಯ ಸಲ ಹೋದಾಗ ಶಿಫ್ಟ್ ಮೋಟಾರು ಹೋಗಿರಬಹುದೆಂದರು. ಅದನ್ನು ಬಿಚ್ಚಿ, ನೋಡಿ, ಮತ್ತೆ ಕಟ್ಟಿ, ಹೊಸತಕ್ಕೆ ಇನ್ನಷ್ಟು ಹಣ ಹೇಳಿದರು. ನಾನು ಒಪ್ಪಲಿಲ್ಲ. ಮೂರನೆಯ ಸಲ, ನಾನು ನಾಬ್ ತಿರುಗಿಸುವ ರೀತಿಯೇ ತಪ್ಪು ಎಂಬ ಉತ್ತರ ಸಿಕ್ಕಿತು. ಮೂವತ್ತು ವರ್ಷಗಳಿಂದ ಇದೇ ದಾರಿಯಲ್ಲಿ ಗಾಡಿ ಓಡಿಸುತ್ತಿರುವವನಿಗೆ ಆ ಮಾತು ಬಿಲ್ಲಿಗಿಂತ ಹೆಚ್ಚು ನೋವು ಕೊಟ್ಟಿತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಇಲ್ಲಿ ಸ್ಕ್ಯಾನರ್ ಎಂಬ ಯಂತ್ರದ ಬಗ್ಗೆ ಒಂದು ಮಾತು ಹೇಳಬೇಕು. ಅದು ತೋರಿಸುವ ಕೋಡ್ ದೂರಿನ ಹಾಗೆ. ಅದನ್ನೇ ತೀರ್ಪೆಂದು ಓದುವುದರಿಂದ ಅರ್ಧಕ್ಕರ್ಧ ಅನರ್ಥಗಳು ಹುಟ್ಟುತ್ತವೆ. ಉದಾಹರಣೆಗೆ ಯು0102 ಎಂಬ ಸಾಮಾನ್ಯ ಕೋಡಿನ ಅರ್ಥ, ಟ್ರಾನ್ಸ್‌ಫರ್ ಕೇಸ್ ಮಾಡ್ಯೂಲಿನ ಜೊತೆ ಸಂಪರ್ಕ ಕಡಿದಿದೆ ಎಂಬುದಷ್ಟೇ. ಮಾಡ್ಯೂಲ್ ಸತ್ತಿದ್ದರೂ ಅದೇ ಕೋಡ್ ಬರುತ್ತದೆ, ಅದಕ್ಕೆ ಹೋಗುವ ಫ್ಯೂಸ್ ಸುಟ್ಟಿದ್ದರೂ ಬರುತ್ತದೆ, ದಾರಿಯಲ್ಲಿ ಇಲಿ ವೈರು ಕಡಿದಿದ್ದರೂ ಬರುತ್ತದೆ. ಅಮೆರಿಕದ ಜನರಲ್ ಮೋಟರ್ಸ್ ಪಿಕಪ್‌ಗಳಲ್ಲಿ ಹೆಸರಾದ ಸಿ0327 ಎಂಬ ಕೋಡ್ ಕೂಡ ಮೋಟಾರಿನ ಸ್ಥಾನ ತಿಳಿಸುವ ಸರ್ಕ್ಯೂಟಿನಲ್ಲಿ ದೋಷವಿದೆ ಎಂದು ಹೇಳಿ ಸುಮ್ಮನಾಗುತ್ತದೆ. ಸರ್ಕ್ಯೂಟ್ ಎಂದರೆ ಸೆನ್ಸರ್, ವೈರು, ವೈರುಗಳನ್ನು ಜೋಡಿಸುವ ಕಪ್ಲರ್, ಬಾಕ್ಸ್ ಎಲ್ಲವೂ ಸೇರಿತು. ನನ್ನ ಗಾಡಿಯಲ್ಲಿ ಬಂದಿದ್ದು, ಮೋಟಾರು ಸಮಯದೊಳಗೆ ಗುರಿ ಮುಟ್ಟಲಿಲ್ಲ ಎಂಬರ್ಥದ ಕೋಡ್. ಯಾಕೆ ಮುಟ್ಟಲಿಲ್ಲ ಎಂಬ ಪ್ರಶ್ನೆಯನ್ನು ಮೂರು ಭೇಟಿಗಳಲ್ಲಿ ಯಾರೊಬ್ಬರೂ ಕೇಳಿಕೊಳ್ಳಲಿಲ್ಲ.

ಆ ಪ್ರಶ್ನೆ ಕೇಳಿದವರು ನಮ್ಮ ಪಕ್ಕದ ಊರಿನಲ್ಲಿ ಶೀಟಿನ ಮಾಡಿನ ಕೆಳಗೆ ಗ್ಯಾರೇಜು ನಡೆಸುವ ನಿವೃತ್ತ ಹವಾಲ್ದಾರರು. ಸೇನೆಯ ವಾಹನಗಳನ್ನೂ ಉಪಕರಣಗಳನ್ನೂ ನೋಡಿಕೊಳ್ಳುವ ಇ.ಎಂ.ಇ. ವಿಭಾಗದಲ್ಲಿ ಸೇವೆ ಮುಗಿಸಿ ಬಂದವರು. ಕೊಡಗಿನಲ್ಲಿ ಇಂಥವರು ಊರಿಗೊಬ್ಬರಾದರೂ ಸಿಗುತ್ತಾರೆ. ಅವರ ಬಳಿ ಕಂಪನಿಯ ಸ್ಕ್ಯಾನರ್ ಇಲ್ಲ. ಒಂದು ಮಲ್ಟಿಮೀಟರ್, ಹೆಡ್‌ಲೈಟಿನ ಹಳೆಯ ಬಲ್ಬಿಗೆ ಎರಡು ವೈರು ಬೆಸೆದ ಟೆಸ್ಟ್ ಲ್ಯಾಂಪ್, ಕಪ್ಲರ್ ತೊಳೆಯುವ ಸ್ಪ್ರೇ, ಎಮರಿ ಕಾಗದ ಇಷ್ಟೇ. “ಸಾರ್, ಬಾಕ್ಸಿಗೆ ಊಟ ಸರಿಯಾಗಿ ಹೋಗ್ತಾ ಇದೆಯಾ ಅಂತ ಮೊದಲು ನೋಡೋಣ, ಆಮೇಲೆ ಬೈಯೋಣ” ಎಂದು ಕೆಲಸ ಶುರು ಮಾಡಿದರು.

ಮೊದಲು ಬ್ಯಾಟರಿ ನೋಡಿದರು: ಎಂಜಿನ್ ನಿಂತಾಗ 12.5 ವೋಲ್ಟ್, ಓಡುವಾಗ 14.1, ತಕರಾರಿಲ್ಲ. ಫ್ಯೂಸುಗಳನ್ನು ಕಣ್ಣಳತೆಯಿಂದ ನೋಡದೆ ಎರಡು ತುದಿಗೂ ಮೀಟರ್ ಹಿಡಿದರು, ಅಲ್ಲೂ ತಕರಾರಿಲ್ಲ. ಅರ್ತ್ ವೈರಿಗೆ ಓಮ್ ಅಳತೆ ಹಿಡಿದಾಗ ಮೀಟರು ಹೆಚ್ಚುಕಡಿಮೆ ಸೊನ್ನೆಯನ್ನೇ ತೋರಿಸಿತು. ಸರ್ವಿಸ್ ಸೆಂಟರಿನವರು ಅರ್ತ್ ನೋಡಿದ್ದೇ ಆಗಿದ್ದರೆ ಇಲ್ಲಿಗೇ ನಿಲ್ಲಿಸಿರುತ್ತಾರೆ. ಹವಾಲ್ದಾರರು ನಿಲ್ಲಿಸಲಿಲ್ಲ. ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಬಾಕ್ಸಿನ ಅರ್ತ್ ವೈರಿಗೆ ಹಿಡಿದು, ನನಗೆ ನಾಬ್ ತಿರುಗಿಸಲು ಹೇಳಿದರು. ಮೋಟಾರು ತಿರುಗಲು ಯತ್ನಿಸುತ್ತಿದ್ದಷ್ಟು ಹೊತ್ತು ಮೀಟರು 2.1 ವೋಲ್ಟ್ ತೋರಿಸಿತು. ಅಲ್ಲಿ 0.1, ಹೆಚ್ಚೆಂದರೆ 0.2 ವೋಲ್ಟ್ ಮೀರಬಾರದು.

ಇದರ ಲೆಕ್ಕ ಹೈಸ್ಕೂಲಿನ ವಿಜ್ಞಾನ ಪುಸ್ತಕದ್ದೇ. ಮೋಟಾರು 10 ಆಂಪಿಯರ್ ಎಳೆಯುವಾಗ ದಾರಿಯಲ್ಲಿ 0.2 ಓಮ್ ಅಡ್ಡಿಯಿದ್ದರೆ ಅಲ್ಲಿ 2 ವೋಲ್ಟ್ ಸೋರಿಹೋಗುತ್ತದೆ. ಆದರೆ 0.2 ಓಮ್ ಎಂಬುದು ಸಾಮಾನ್ಯ ಮಲ್ಟಿಮೀಟರಿನ ವೈರುಗಳಲ್ಲೇ ಇರುವಷ್ಟು ಅಲ್ಪ ಅಡ್ಡಿ. ಓಮ್ ಅಳತೆಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ತಾಮ್ರದ ಒಂದೇ ಎಳೆ ಉಳಿದಿದ್ದರೂ, ಬೋಲ್ಟಿನ ತುಕ್ಕಿನ ನಡುವೆ ಸಾಸಿವೆಯಷ್ಟು ಜಾಗ ಅಂಟಿಕೊಂಡಿದ್ದರೂ ಮೀಟರಿನ ಅತಿ ಸಣ್ಣ ಕರೆಂಟು ಹಾಯಾಗಿ ಹಾದುಹೋಗಿ ‘ಎಲ್ಲ ಸರಿ’ ಎನ್ನುತ್ತದೆ. ಕೆಲಸದ ಹೊರೆ ಹೊರಿಸಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಮೋಟಾರು ಓಡಿಸಲಾಗದ ಸಂದರ್ಭದಲ್ಲಿ ಹೆಡ್‌ಲೈಟ್ ಬಲ್ಬು ಆ ಕೆಲಸ ಮಾಡುತ್ತದೆ: 55 ವಾಟ್‌ನ ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಎಳೆಯುವುದರಿಂದ, ಅನುಮಾನದ ಅರ್ತ್ ಮೂಲಕ ಅದನ್ನು ಉರಿಸಿ ನೋಡಿದರೆ ಬೆಳಕು ಮಂಕಾಗುವುದರಲ್ಲೇ ಉತ್ತರವಿರುತ್ತದೆ. ಆದರೆ ಈ ಬಲ್ಬನ್ನು ಸೆನ್ಸರಿನ ಐದು ವೋಲ್ಟಿನ ವೈರಿಗೋ ಸಂದೇಶ ಸಾಗಿಸುವ ಕ್ಯಾನ್ ವೈರಿಗೋ ಹಿಡಿದರೆ ಒಳ್ಳೆಯ ಬಾಕ್ಸೂ ಸುಟ್ಟೀತು. ದಪ್ಪ ವೈರುಗಳಿಗೆ ಮಾತ್ರ ಈ ಪರೀಕ್ಷೆ.

ನಮ್ಮ ಗಾಡಿಯಲ್ಲಿ ಆ ಅರ್ತ್ ವೈರು ಟ್ರಾನ್ಸ್‌ಫರ್ ಕೇಸಿನ ಹತ್ತಿರ ಚೇಸಿಗೆ ಒಂದು ಬೋಲ್ಟಿನಿಂದ ಬಿಗಿಯಾಗಿದೆ. ಬಿಚ್ಚಿದಾಗ ಬೋಲ್ಟಿನ ಕೆಳಗೆ ಕಬ್ಬಿಣವೇ ಕಾಣಲಿಲ್ಲ, ಕೆಂಪು ಪುಡಿ ಉದುರಿತು. ಪಕ್ಕದ ಕಪ್ಲರಿನಲ್ಲಿ ಎರಡು ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಮುಂಗಾರಿಗೆ ಮುನ್ನ ಕೊಳೆರೋಗಕ್ಕೆಂದು ಸಿಂಪಡಿಸುವ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನು ನಾವು ಇದೇ ಪಿಕಪ್‌ನಲ್ಲಿ ಸಾಗಿಸುತ್ತೇವೆ, ಅದಕ್ಕೆ ಬೇಕಾದ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ತುಳುಕಿ ಚೇಸಿಯ ಮೇಲೆ ಹರಿಯುತ್ತದೆ. ಮೈಲುತುತ್ತ ಕಬ್ಬಿಣಕ್ಕೆ ತಗುಲಿದರೆ ತಾಮ್ರ ಮೇಲೆ ಕೂತು ಕಬ್ಬಿಣ ಕರಗುತ್ತದೆ; ಹಾಗೆಂದೇ ಅದನ್ನು ಹಿಂದಿನವರು ಮಣ್ಣಿನ ಇಲ್ಲವೇ ಮರದ ಪಾತ್ರೆಯಲ್ಲಿ ಕರಗಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಡ್ರಮ್ಮು. ಇನ್ನು ಪೊಟ್ಯಾಷ್ ಗೊಬ್ಬರ, ಅಂದರೆ ಎಂ.ಒ.ಪಿ., ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್. ಕಡಲ ತೀರದ ಉಪ್ಪುಗಾಳಿ ಗಾಡಿಗೆ ಮಾಡುವುದನ್ನೇ ಹರಿದ ಮೂಟೆಯಿಂದ ಉದುರಿದ ಪೊಟ್ಯಾಷ್ ಮಲೆನಾಡಿನಲ್ಲಿ ಮಾಡುತ್ತದೆ. ಇದರ ಮೇಲೆ ಸರ್ವಿಸಿಗೆ ಬಿಟ್ಟಾಗಲೆಲ್ಲ ಅಡಿಭಾಗಕ್ಕೆ ಹೊಡೆಯುವ ಒತ್ತಡದ ನೀರು ಬೇರೆ. ಕಪ್ಲರಿನ ರಬ್ಬರ್ ಸೀಲು ಹಳತಾಗಿದ್ದರೆ ಆ ನೀರು ನೇರ ಒಳಗೇ ಹೋಗುತ್ತದೆ. ತೋಟದ ಕೆಲಸಕ್ಕೆ ದುಡಿಯುವ ಗಾಡಿಗಳು ಓಡುವ ಊರಿನ ಸರ್ವಿಸ್ ಸೆಂಟರಿಗೆ ಇದು ಹೊಸ ವಿಷಯವಾಗಿರಬಾರದಿತ್ತು.

ಹಾಗಾದರೆ ಹೊಸ ಬಾಕ್ಸು ಹನ್ನೊಂದು ದಿನ ನಡೆದದ್ದು ಹೇಗೆ ಎಂದು ನಾನು ಕೇಳಿದೆ. ಬಾಕ್ಸು ಬದಲಿಸುವಾಗ ಕಪ್ಲರುಗಳನ್ನು ಎಳೆದು ಮತ್ತೆ ಚುಚ್ಚುತ್ತಾರೆ, ವೈರುಗಳನ್ನು ಅಲ್ಲಾಡಿಸುತ್ತಾರೆ. ಆ ತಿಕ್ಕಾಟದಲ್ಲಿ ಕಿಲುಬು ಅಷ್ಟಿಷ್ಟು ಸರಿದು ತಾತ್ಕಾಲಿಕವಾಗಿ ದಾರಿಯಾಗುತ್ತದೆ. ಸ್ಕ್ಯಾನರಿನಿಂದ ಕೋಡ್ ಅಳಿಸಿದ್ದರಿಂದ ಬಾಕ್ಸು ಹೊಸದಾಗಿ ಎಣಿಕೆ ಶುರುಮಾಡುತ್ತದೆ. ಆ ಹನ್ನೊಂದು ದಿನ ಮಳೆಯೂ ಬಿಡುವು ಕೊಟ್ಟಿತ್ತು. ರಿಪೇರಿಯಾದ ಕೂಡಲೇ ಸರಿಹೋಯಿತು ಎಂಬ ಕಾರಣಕ್ಕೆ, ಬದಲಿಸಿದ ಭಾಗವೇ ಕೆಟ್ಟಿತ್ತು ಎಂದು ತೀರ್ಮಾನಿಸುವಂತಿಲ್ಲ ಎಂಬುದು ನನಗೆ ಅಂದು ಅರ್ಥವಾಯಿತು.

ಬೋಲ್ಟಿನ ಜಾಗವನ್ನು ಉಜ್ಜಿ, ವೈರಿನ ತುದಿಗೆ ಹೊಸ ಲಗ್ ಹಾಕಿ, ಬಿಗಿದ ಮೇಲೆ ಗ್ರೀಸು ಸವರಿದರು. ಅಳತೆ 2.1ರಿಂದ 0.06 ವೋಲ್ಟಿಗೆ ಇಳಿಯಿತು. ನಾಬ್ ತಿರುಗಿಸಿದೊಡನೆ ‘ಫೋರ್ ಹೈ’ (ಸಾಮಾನ್ಯ ವೇಗದಲ್ಲಿ ನಾಲ್ಕೂ ಚಕ್ರಕ್ಕೆ ಬಲ) ಬಿತ್ತು, ದೀಪ ಸ್ಥಿರವಾಯಿತು. ಆದರೆ ‘ಫೋರ್ ಲೋ’ ಬೀಳಲಿಲ್ಲ. ಕತೆಯ ನಿಜವಾದ ಕಹಿ ಇರುವುದು ಇಲ್ಲಿ, ಏಕೆಂದರೆ ಮೊದಲ ದಿನ ನಾನು ಸರ್ವಿಸ್ ಸೆಂಟರಿಗೆ ಹೋದಾಗ ‘ಲೋ’ ಬಗ್ಗೆ ನನ್ನ ದೂರೇ ಇರಲಿಲ್ಲ. ಅದರ ಹಿಂದಿನ ವಾರವಷ್ಟೇ ಮರದ ದಿಮ್ಮಿ ಎಳೆಯಲು ಅದನ್ನು ಬಳಸಿದ್ದೆ. ಹವಾಲ್ದಾರರು ಮತ್ತೆ ಗಾಡಿಯ ಅಡಿಗೆ ಹೋದರು. ಗೇರ್‌ಬಾಕ್ಸಿನ ಮೇಲಿರುವ ನ್ಯೂಟ್ರಲ್ ಸ್ವಿಚ್ಚಿನ ಕಪ್ಲರು ಅರ್ಧ ಮಾತ್ರ ಕೂತಿತ್ತು, ಅದರ ಲಾಕು ‘ಟಿಕ್’ ಎಂದಿರಲಿಲ್ಲ. ಎರಡನೆಯ ಭೇಟಿಯಲ್ಲಿ ಶಿಫ್ಟ್ ಮೋಟಾರು ಬಿಚ್ಚಲೆಂದು ಅದೇ ವೈರಿಂಗನ್ನು ಪಕ್ಕಕ್ಕೆ ಸರಿಸಿದ್ದವರು ಅದನ್ನು ಪೂರ್ತಿ ಒತ್ತದೆ ಬಿಟ್ಟಿದ್ದರು. ಗೇರು ನ್ಯೂಟ್ರಲ್‌ನಲ್ಲಿದೆ ಎಂಬ ಸಂದೇಶ ಬಾಕ್ಸಿಗೆ ತಲುಪದಿದ್ದರೆ ಅದು ‘ಲೋ’ ಹಾಕಲು ಒಪ್ಪುವುದಿಲ್ಲ, ಒಪ್ಪಲೂಬಾರದು; ಓಡುವ ಗೇರಿನ ಮೇಲೆ ‘ಲೋ’ ಬಿದ್ದರೆ ಹಲ್ಲು ಮುರಿದುಹೋಗುತ್ತದೆ. ಬಾಕ್ಸು ತನ್ನ ಕರ್ತವ್ಯವನ್ನೇ ಮಾಡುತ್ತಿತ್ತು. ಕಪ್ಲರು ಒತ್ತಿದರು, ‘ಲೋ’ ಬಿತ್ತು.

ಆಮೇಲೆ ಅವರು ನಗುತ್ತ, ಹಳೆಯ ಬಾಕ್ಸ್ ಇದೆಯಾ ಎಂದು ಕೇಳಿದರು. ತಂದೆಯವರ ಅಪ್ಪಣೆ ಫಲಿಸಿದ ಗಳಿಗೆ ಅದು. ಬ್ಯಾಟರಿಯ ವೈರು ಬಿಚ್ಚಿ, ಹೊಸ ಬಾಕ್ಸನ್ನು ತೆಗೆದು ‘ಸತ್ತಿದೆ’ ಎನಿಸಿಕೊಂಡಿದ್ದ ಹಳೆಯದನ್ನು ಕೂರಿಸಿದೆವು. ಇದೇ ಗಾಡಿಗೆ ಕೋಡಿಂಗ್ ಆಗಿದ್ದ ಬಾಕ್ಸಾದ್ದರಿಂದ ಯಾವ ತಕರಾರೂ ಬರಲಿಲ್ಲ. ಆಗಸ್ಟ್‌ನಿಂದ ಇಂದಿನವರೆಗೆ ಗಾಡಿ ಅದರಲ್ಲೇ ಓಡುತ್ತಿದೆ, ಆ ನಡುವೆ ಆಶ್ಲೇಷ ಮಳೆಯನ್ನೂ ಕಂಡಿದೆ. ಹವಾಲ್ದಾರರು ತೆಗೆದುಕೊಂಡದ್ದು 900 ರೂಪಾಯಿ.

ಇದರಿಂದ ಕಂಟ್ರೋಲ್ ಮಾಡ್ಯೂಲ್‌ಗಳು ಕೆಡುವುದೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಬಾಕ್ಸಿನೊಳಗೆ ನೀರು ಹೋದರೆ, ಕುಲುಕಾಟಕ್ಕೆ ಬೆಸುಗೆ ಬಿರುಕುಬಿಟ್ಟರೆ, ಮೋಟಾರಿಗೆ ಕರೆಂಟು ಹಾಯಿಸುವ ಟ್ರಾನ್ಸಿಸ್ಟರ್ ಸುಟ್ಟರೆ ಬದಲಿಸದೆ ವಿಧಿಯಿಲ್ಲ. ಆದರೆ ಸುಟ್ಟದ್ದು ಯಾಕೆ ಎಂದು ಕೇಳದೆ ಹೊಸತನ್ನು ಚುಚ್ಚಿದರೆ, ಒಳಗೆ ಬಿಗಿಹಿಡಿದು ಅತಿಯಾಗಿ ಕರೆಂಟು ಎಳೆಯುವ ಮೋಟಾರು ಅದನ್ನೂ ಸುಡುತ್ತದೆ. ಹಾಗಾಗಿ ಮೊದಲು ಮೋಟಾರನ್ನು ಬೇರೆಯಾಗಿ ಓಡಿಸಿ ಎಷ್ಟು ಆಂಪಿಯರ್ ಎಳೆಯುತ್ತದೆಂದು ನೋಡಬೇಕು. ಸಂಪರ್ಕದ ದೋಷವಿದ್ದರೆ ಬ್ಯಾಟರಿ ಬಿಚ್ಚಿ, ಸ್ಟೇರಿಂಗಿನ ಕೆಳಗಿರುವ ಸ್ಕ್ಯಾನರ್ ಕಪ್ಲರಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಬರಬೇಕು, ಏಕೆಂದರೆ ಆ ಜೋಡಿ ವೈರಿನ ಎರಡು ತುದಿಯಲ್ಲಿ ತಲಾ 120 ಓಮ್‌ನ ರೆಸಿಸ್ಟರ್‌ಗಳಿರುತ್ತವೆ. 120 ಬಂದರೆ ದಾರಿ ಎಲ್ಲೋ ಕಡಿದಿದೆ ಎಂದರ್ಥ. ಹೊಸ ಬಾಕ್ಸು ಹಾಕಿದ ಮೇಲೆ ಗಾಡಿಯ ಮಾದರಿಗೆ ತಕ್ಕಂತೆ ಕೋಡಿಂಗ್ ಆಗಬೇಕು. ಮೋಟಾರಿನ ತುದಿಸ್ಥಾನಗಳನ್ನು ಅದಕ್ಕೆ ಕಲಿಸಿಕೊಡಬೇಕಾದ ಗಾಡಿಗಳೂ ಇವೆ. ಮೋಟಾರನ್ನು ಬಿಚ್ಚಿದ್ದರಂತೂ ಅದರ ದಂಡವೂ ಟ್ರಾನ್ಸ್‌ಫರ್ ಕೇಸಿನ ದಂಡವೂ ಒಂದೇ ಸ್ಥಾನದಲ್ಲಿರುವಾಗಲೇ ಕೂಡಿಸಬೇಕು, ಇಲ್ಲವಾದರೆ ನಾವು ‘ಹೈ’ ಕೇಳಿದಾಗ ಬಾಕ್ಸು ಬೇರೆಲ್ಲಿಗೋ ತಿರುಗಿಸುತ್ತದೆ. ಗುಜರಿಯಿಂದ ಅಗ್ಗದ ಬಾಕ್ಸು ತಂದು ಹಾಕಿಸುವ ಮಿತ್ರರು ಪಾರ್ಟ್ ನಂಬರಿನ ಕೊನೆಯ ಅಕ್ಷರದವರೆಗೂ ಹೊಂದಿಸಿ ನೋಡಬೇಕು.

ರಿಪೇರಿಯ ನಂತರದ ಪರೀಕ್ಷೆಯಲ್ಲೂ ಒಂದು ದೊಡ್ಡ ಎಡವಟ್ಟು ನಡೆಯುತ್ತಿದೆ. ಸರ್ವಿಸ್ ಸೆಂಟರಿನ ಹುಡುಗರು ಗಾಡಿಯನ್ನು ಊರೊಳಗಿನ ಡಾಂಬರು ರಸ್ತೆಯಲ್ಲೇ ‘ಫೋರ್ ಹೈ’ ಹಾಕಿ ಒಂದು ಸುತ್ತು ತಿರುಗಿಸಿ ತರುತ್ತಾರೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲದ ಇಂಥ ಗಾಡಿಗಳಲ್ಲಿ ಮುಂದಿನ, ಹಿಂದಿನ ಶಾಫ್ಟುಗಳೆರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಾದರೆ ಚಕ್ರ ಒಂದಿಷ್ಟು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲಾಗದೆ ಆ ವ್ಯತ್ಯಾಸ ಶಾಫ್ಟುಗಳಲ್ಲಿ ಬಿಗಿತವಾಗಿ ಕೂತು, ವಾಪಸು ಹಿಂದಿನ ಎರಡೇ ಚಕ್ರದ ‘ಟೂ ಹೈ’ಗೆ ತಿರುಗಿಸಿದಾಗ ಗೇರು ಬಿಡುವುದೇ ಇಲ್ಲ, ದೀಪ ಮಿಣುಕುತ್ತದೆ, ಇಲ್ಲದ ದೋಷವೊಂದು ಹುಟ್ಟಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ನಾಲ್ಕೈದು ಮೀಟರ್ ನೇರವಾಗಿ ಹಿಂದಕ್ಕೆ ಬಂದರೆ ಬಿಗಿತ ಸಡಿಲಿ ಗೇರು ತಾನಾಗಿ ಬಿಡುತ್ತದೆ.

ಟೈರಿನದೂ ಇದೇ ಲೆಕ್ಕ. ಖರ್ಚು ಉಳಿಸಲು ನಾವು ಎರಡೇ ಟೈರು ಬದಲಿಸುತ್ತೇವೆ. 76 ಸೆಂಟಿಮೀಟರ್ ವ್ಯಾಸದ ಟೈರು 6 ಮಿಲಿಮೀಟರ್ ಸವೆದರೆ ವ್ಯಾಸದಲ್ಲಿ 12 ಮಿಲಿಮೀಟರ್ ಕಡಿಮೆಯಾಯಿತು, ಅಂದರೆ ಶೇ 1.6ರಷ್ಟು; ಮುಂದೆ ಹೊಸತು, ಹಿಂದೆ ಸವೆದದ್ದು ಇದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 16 ಮೀಟರ್ ಜಗ್ಗಾಟ. ಬಾಕ್ಸನ್ನು ದೂರುವ ಮೊದಲು ನಾಲ್ಕೂ ಟೈರುಗಳ ಗಾಳಿ, ಸವಕಳಿ ನೋಡಿಕೊಳ್ಳಬೇಕಾದದ್ದು ಗಾಡಿಯ ಯಜಮಾನರ ಕೆಲಸ. ಈ ವಿಷಯದಲ್ಲಿ ನಾನೂ ತಪ್ಪಿತಸ್ಥನೇ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಕಂಟ್ರೋಲ್ ಮಾಡ್ಯೂಲ್ ಬದಲಿಸುವ ಮೊದಲು ಅದಕ್ಕೆ ತಲುಪುವ ವೋಲ್ಟ್, ಹೊರೆಯಿರುವಾಗ ಅರ್ತಿನಲ್ಲಿ ಸೋರುವ ವೋಲ್ಟ್, ಮೋಟಾರು ಎಳೆಯುವ ಆಂಪಿಯರ್ ಈ ಮೂರನ್ನು ಅಳೆದು ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಬದಲಿಸಿದ ಮೇಲೆ ಮತ್ತೆ ಅಳೆದು ಅದರ ಪಕ್ಕದಲ್ಲೇ ಬರೆದು, ಹಳೆಯ ಭಾಗದೊಂದಿಗೆ ಗ್ರಾಹಕರಿಗೆ ಕೊಡಬೇಕು. ರಕ್ತ ಪರೀಕ್ಷೆಯ ಚೀಟಿ ಇಲ್ಲದೆ ಇಂದು ಯಾವ ವೈದ್ಯರೂ ಶಸ್ತ್ರಚಿಕಿತ್ಸೆಗೆ ಕೈಹಾಕುವುದಿಲ್ಲ. ನಲವತ್ತು ಸಾವಿರದ ಭಾಗಕ್ಕೆ ಮೂರು ಅಂಕಿ ಕೇಳುವುದು ಅತಿಯಾಗಲಾರದು. 2020ರ ಜುಲೈ 20ರಿಂದ ಜಾರಿಗೆ ಬಂದಿರುವ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಸೇವಾ ನ್ಯೂನತೆಯ ವ್ಯಾಖ್ಯೆಯಲ್ಲಿ, ಸಂಬಂಧಪಟ್ಟ ಮಾಹಿತಿಯನ್ನು ಗ್ರಾಹಕರಿಂದ ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನೂ ಸೇರಿಸಿದೆ. ಅಳತೆ ಮಾಡಿದ್ದೀರಾ ಎಂದು ನಾನು ಲಿಖಿತವಾಗಿ ಕೇಳಿದ ಪ್ರಶ್ನೆಗೆ ಉತ್ತರ ಬಾರದ ಕಾರಣ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿದ್ದೇನೆ. ವಿಷಯ ವಿಚಾರಣೆಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಎತ್ತಿಲ್ಲ.

ಎರಡನೆಯ ಬೇಡಿಕೆ ಸರ್ಕಾರಕ್ಕೆ. ಹವಾಲ್ದಾರರು ಎರಡು ಗಂಟೆಯಲ್ಲಿ ಮಾಡಿದ ಕೆಲಸ ಅರ್ಧ ಗಂಟೆಯದು. ಉಳಿದ ಒಂದೂವರೆ ಗಂಟೆ ಯಾವ ಬಣ್ಣದ ವೈರು ಎಲ್ಲಿಗೆ ಹೋಗುತ್ತದೆಂದು ಹುಡುಕುವುದರಲ್ಲಿ ಕಳೆಯಿತು, ಏಕೆಂದರೆ ಆ ಗಾಡಿಯ ವೈರಿಂಗ್ ನಕ್ಷೆ ಅವರಿಗೆ ಸಿಗುವುದಿಲ್ಲ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳೂ ತಪಾಸಣಾ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗುವಂತಾಗಬೇಕೆಂದು ಆದೇಶಿಸಿತ್ತು. ಆ ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಹೆಸರಿನ ಪೋರ್ಟಲ್ ಆರಂಭಿಸಿತು. ಅದರ ನಾಲ್ಕು ವಲಯಗಳಲ್ಲಿ ವಾಹನಗಳೂ ಇವೆ, ಕೃಷಿ ಉಪಕರಣಗಳೂ ಇವೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ವಾಹನ ರಿಪೇರಿಯ ಹಕ್ಕಿಗೆ 2012ರಲ್ಲೇ ಭಾರಿ ಬಹುಮತದಿಂದ ಸಮ್ಮತಿ ಕೊಟ್ಟಿದ್ದರು. ನಮ್ಮಲ್ಲಿ ಪೋರ್ಟಲ್ಲಿನಲ್ಲಿ ಹೆಸರು ಇರುವುದು ಸಾಲದು. ಅಲ್ಲಿ ಸಿಗುವ ಸರ್ವಿಸ್ ಸೆಂಟರುಗಳ ವಿಳಾಸ, ವಾರಂಟಿಯ ಷರತ್ತು ಇವು ಗ್ಯಾರೇಜಿನವರ ಹೊಟ್ಟೆ ತುಂಬಿಸುವುದಿಲ್ಲ. ವೈರಿಂಗ್ ನಕ್ಷೆ, ಕಪ್ಲರಿನ ಪಿನ್ ವಿವರ, ಕೋಡ್ ಬಂದಾಗ ಯಾವ ಕ್ರಮದಲ್ಲಿ ಪರೀಕ್ಷಿಸಬೇಕೆಂಬ ಪಟ್ಟಿ, ಇಷ್ಟನ್ನು ನ್ಯಾಯವಾದ ಶುಲ್ಕಕ್ಕೆ ಎಲ್ಲರಿಗೂ ಒದಗಿಸುವುದನ್ನು ಕಡ್ಡಾಯ ಮಾಡಬೇಕು.

ನಮ್ಮ ಐಟಿಐಗಳಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಕೋರ್ಸ್ ಇದೆ. ಅಲ್ಲಿ ಓದಿ ಬಂದ ಇಬ್ಬರು ಹುಡುಗರನ್ನು ಆ ಸರ್ವಿಸ್ ಸೆಂಟರಿನಲ್ಲಿ ಮಾತನಾಡಿಸಿದೆ. ಚುರುಕಾದವರು, ಮಲ್ಟಿಮೀಟರ್ ಹಿಡಿಯಲು ಬರುವವರು. ಆದರೆ ದಿನಕ್ಕೆ ಇಷ್ಟು ಗಾಡಿ ಹೊರಗೆ ಕಳುಹಿಸಬೇಕೆಂಬ ಒತ್ತಡದಲ್ಲಿ ಮೀಟರು ಡ್ರಾಯರಿನಲ್ಲೇ ಉಳಿಯುತ್ತದೆ. ಕೂಲಿಯ ದರಪಟ್ಟಿಯಲ್ಲಿ ಮಾಡ್ಯೂಲ್ ಬದಲಿಸುವುದಕ್ಕೆ ದರವಿದೆ, ದೋಷ ಹುಡುಕುವುದಕ್ಕೆ ಇಲ್ಲ ಎಂದು ಅವರಲ್ಲೊಬ್ಬ ಹೇಳಿದ. ಹುಡುಕುವ ಕೆಲಸಕ್ಕೆ ಗಂಟೆಗಿಷ್ಟು ಎಂದು ಕೂಲಿ ಕೇಳಿದ್ದರೆ ನಾನು ಸಂತೋಷದಿಂದ ಕೊಡುತ್ತಿದ್ದೆ.

ಬಳಸದೆ ಉಳಿದ ಹೊಸ ಬಾಕ್ಸನ್ನು, ವಿದ್ಯುತ್ ಭಾಗಗಳನ್ನು ಹಿಂಪಡೆಯುವ ಪದ್ಧತಿಯಿಲ್ಲವೆಂಬ ಕಾರಣಕ್ಕೆ, ಸರ್ವಿಸ್ ಸೆಂಟರು ವಾಪಸು ತೆಗೆದುಕೊಂಡಿಲ್ಲ. ಅದು ಈಗ ನಮ್ಮ ಗೋದಾಮಿನಲ್ಲಿ, ಸವೆದ ಬೇರಿಂಗುಗಳ ಪೆಟ್ಟಿಗೆಯ ಪಕ್ಕದಲ್ಲಿದೆ. ನಮ್ಮ ಭಾಗದ ಯಾವುದಾದರೂ ಬೆಳೆಗಾರರ ಗಾಡಿಯ ಮಾಡ್ಯೂಲ್ ನಿಜವಾಗಿಯೂ ಸತ್ತಿದ್ದು, ಪಾರ್ಟ್ ನಂಬರ್ ಹೊಂದುವುದಾದರೆ, ಅರ್ಧ ಬೆಲೆಗೆ ಕೊಡಲು ಸಿದ್ಧನಿದ್ದೇನೆ. ಬರುವಾಗ ಮೋಟಾರು ಓಡುತ್ತಿರುವಾಗಿನ ಅರ್ತ್ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ತರಬೇಕು.

ಇತಿ,
ಒಬ್ಬ ಕಾಫಿ ಬೆಳೆಗಾರ
ಶಾಂತಳ್ಳಿ ಹೋಬಳಿ, ಸೋಮವಾರಪೇಟೆ ತಾಲ್ಲೂಕು